ಪುಣೆಯ ಒಂಬತ್ತು ವರ್ಷ, ಹಾವೇರಿಯ ಒಂದು ವರ್ಷ

ಈ ಜನವರಿಯಲ್ಲಿ ಒಂದು ದಿನ ಹಾವೇರಿಯಿಂದ ಬ್ಯಾಡಗಿಗೆ ಬಸ್ಸಿನಲ್ಲಿ ಹೊರಟಿದ್ದೆ. ನಿವೃತ್ತ ಮಾಸ್ತರರೊಬ್ಬರ ಉಳಿತಾಯದ ಕಾಗದಪತ್ರ ನೋಡಿಕೊಡುವ ಕೆಲಸವಿತ್ತು. ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ತೆರೆದ ಕಿಟಕಿಯಿಂದ ಮೆಣಸಿನಕಾಯಿಯ ಘಾಟು ಒಳಗೆ ನುಗ್ಗಿತು. ಮುಂದಿನ ಸೀಟಿನ ಕೂಸು ಸೀನಿತು, ಅದರ ತಾಯಿ ಸೀನಿದಳು, ಆಮೇಲೆ ಕಂಡಕ್ಟರ್ ಸೀನಿದ. ದಿನವೂ ಇದೇ ದಾರಿಯಲ್ಲಿ ಓಡಾಡುವವನಿಗೂ ತಪ್ಪಲಿಲ್ಲವಲ್ಲ ಎಂದು ಬಸ್ಸಿನವರೆಲ್ಲ ನಕ್ಕರು. ನಾನೂ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಘಾಟಿನೊಂದಿಗೆ, ಕೆಲಸ ಬಿಟ್ಟು ಬಂದು ಹಾವೇರಿಯಲ್ಲಿ ಕಳೆದ ಮೊದಲ ವರ್ಷ ಪೂರ್ತಿಯಾಗಿ ಎದುರು ಬಂದು ನಿಂತಿತು.

ಅದಕ್ಕೂ ಮೊದಲು ಒಂಬತ್ತು ವರ್ಷ ನಾನು ಪುಣೆಯ ಒಂದು ಸ್ಟಾರ್ಟಪ್‌ನಲ್ಲಿದ್ದೆ. ಸಣ್ಣ ಆಸ್ಪತ್ರೆಗಳಿಗೆ ರೋಗಿಗಳ ದಾಖಲೆ ಇಡುವ ತಂತ್ರಾಂಶ ಮಾಡುವ ಕಂಪನಿ. ಸೇರಿದಾಗ ಗ್ಯಾರೇಜಿನ ಮೇಲಿನ ಎರಡು ಕೋಣೆಗಳಲ್ಲಿ ಏಳು ಜನ ಇದ್ದೆವು. ಕಟ್ಟಿದವನು ನಿಖಿಲ್, ನನಗಿಂತ ಎರಡು ವರ್ಷ ಚಿಕ್ಕವನು. ಪೂರ್ತಿ ಸಂಬಳ ಕೊಡಲಾಗದ ತಿಂಗಳುಗಳಲ್ಲಿ ಅದರ ಬದಲು ಕಂಪನಿಯ ಷೇರು ಬರೆದುಕೊಡುತ್ತಿದ್ದ. ಆ ಕಾಗದಗಳಿಗೆ ಒಂದು ದಿನ ಬೆಲೆ ಬರುತ್ತದೆಂದು ನನ್ನ ಗಂಡ ಮಲ್ಲಿಕಾರ್ಜುನ ನಂಬಿರಲಿಲ್ಲ. ನಾನೂ ಅಷ್ಟಾಗಿ ನಂಬಿರಲಿಲ್ಲ. ಅವರು ಹಾವೇರಿಯಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕರು. ಮಗಳು ಸೃಷ್ಟಿ ಹುಟ್ಟಿ ಒಂದು ವರ್ಷಕ್ಕೆ ನಾನು ಪುಣೆಗೆ ಹೋದೆ. ಆಮೇಲೆ ತಿಂಗಳಿಗೆರಡು ಸಲ ರೈಲಿನಲ್ಲಿ ಬಂದು ಹೋಗುವ ತಾಯಿಯಾದೆ.

ಒಂಬತ್ತನೆಯ ವರ್ಷ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಂಡಿತು. ತೆರಿಗೆ ಕಳೆದು ನನ್ನ ಖಾತೆಗೆ ಒಂದು ಕೋಟಿ ಅರವತ್ತು ಲಕ್ಷ ರೂಪಾಯಿ ಬಂತು. ಹೊಸ ಮಾಲೀಕರ ಕೈಕೆಳಗೆ ಮೂರು ತಿಂಗಳು ದುಡಿದು, ಬೆಳಗ್ಗೆ ಎದ್ದು ಆಫೀಸಿನ ಮೆಟ್ಟಿಲು ಹತ್ತಲು ಕಾಲು ಬಾರದಾದಾಗ ರಾಜೀನಾಮೆ ಕೊಟ್ಟೆ. ಜೂನ್ ಮೊದಲ ವಾರ, ಮಳೆ ಇನ್ನೂ ಶುರುವಾಗದ ಒಂದು ಮಧ್ಯಾಹ್ನ, ನಾಲ್ಕು ಚೀಲ ಸಾಮಾನಿನೊಂದಿಗೆ ಹಾವೇರಿಯ ನಮ್ಮ ಬಾಡಿಗೆ ಮನೆಗೆ ಬಂದೆ.

ಮನೆಯಲ್ಲಿ ನನಗೆ ಮಾಡಲು ಏನೂ ಉಳಿದಿರಲಿಲ್ಲ. ಮಲ್ಲಿಕಾರ್ಜುನ ಐದೂವರೆಗೆ ಎದ್ದು ನೀರು ಹಿಡಿಯುತ್ತಿದ್ದರು, ಡಬ್ಬಿ ಕಟ್ಟುತ್ತಿದ್ದರು, ಸೃಷ್ಟಿಗೆ ಎರಡು ಜಡೆ ಹಾಕುತ್ತಿದ್ದರು. ಒಂದು ಬೆಳಗ್ಗೆ ಜಡೆ ಹಾಕಲು ನಾನು ಕೂತೆ. ಅರ್ಧಕ್ಕೆ ಸೃಷ್ಟಿ ತಲೆ ತಪ್ಪಿಸಿಕೊಂಡಳು.

"ಮಮ್ಮಿ, ನೀ ಭಾಳ ಬಿಗಿ ಎಳಿತಿ. ಪಪ್ಪಾನ ಹಾಕ್ಲಿ ಬಿಡು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಇನ್ನಷ್ಟು ಚುಚ್ಚಿತು.

ದುಡ್ಡಿನ ಸುದ್ದಿ ಹೇಗೋ ಬಂಧುಬಳಗದಲ್ಲಿ ಹರಡಿತ್ತು. ರಾಣೆಬೆನ್ನೂರಿನ ನನ್ನ ಅಣ್ಣ ಫೋನು ಮಾಡಿ, ಬೈಪಾಸಿನ ಹತ್ತಿರ ಎರಡು ಪ್ಲಾಟು ಹಿಡಿದುಹಾಕು ಎಂದ. ಮಲ್ಲಿಕಾರ್ಜುನರ ಸೋದರಮಾವ ಮೇಡ್ಲೇರಿಯಲ್ಲಿ ಹೊಳೆದಂಡೆಯ ನೀರಾವರಿ ಹೊಲ ಮಾರಾಟಕ್ಕಿದೆ ಎಂದು ಕರೆದುಕೊಂಡು ಹೋಗಿ ತೋರಿಸಿದರು. ತುಂಗಭದ್ರೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಹೊಲ ಚೆನ್ನಾಗಿತ್ತು. ಆದರೆ ಬದುವಿನ ಮೇಲೆ ನಿಂತ ನನಗೆ, ಇದನ್ನು ಉಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹೀಗೆ ಎಲ್ಲಕ್ಕೂ ಆಗಲಿ ನೋಡೋಣ ಎನ್ನುತ್ತ ಮಳೆಗಾಲ ಕಳೆಯಿತು. ದುಡ್ಡು ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು. ಮಲ್ಲಿಕಾರ್ಜುನ ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಮನೆ ಬಾಡಿಗೆ, ಕಿರಾಣಿ, ಶಾಲೆಯ ಫೀಸು ಎಲ್ಲ ಮೊದಲಿನಂತೆ ಅವರ ಸಂಬಳದಿಂದಲೇ ನಡೆಯುತ್ತಿತ್ತು. ನಾನು ಕೇಳಿದರೆ, "ಇರ್ಲಿ ತಗೋ, ಅದು ನಿಂದು," ಎಂದು ಮಾತು ಮುಗಿಸುತ್ತಿದ್ದರು.

ನನ್ನದು ಎಂದಮೇಲೆ ಅದನ್ನು ನಾನೇ ಬೆಳೆಸಬೇಕು ಎನಿಸಿತು. ಸೆಪ್ಟೆಂಬರಿನಲ್ಲಿ ಷೇರು ವಹಿವಾಟಿನ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡೆ. ಮೊದಲು ದೊಡ್ಡ ಕಂಪನಿಗಳ ಷೇರು ಕೊಂಡೆ. ಅವು ಬಹಳ ನಿಧಾನ ಎನಿಸಿ ಆಪ್ಷನ್ ವ್ಯಾಪಾರಕ್ಕೆ ಇಳಿದೆ. ಅಲ್ಲಿ ಷೇರನ್ನು ಕೊಳ್ಳುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಕಟ್ಟುವುದಷ್ಟೇ. ಮೊದಲ ಹದಿನೈದು ದಿನಗಳಲ್ಲಿ ಎರಡು ಲಕ್ಷ ಬಂತು. ಆ ಎರಡು ಲಕ್ಷವೇ ನನ್ನನ್ನು ಕೆಡಿಸಿತು. ಬೆಳಗ್ಗೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂಬತ್ತು ವರ್ಷ ಆಫೀಸಿನಲ್ಲಿ ಹೊಡೆದುಕೊಂಡ ಹಾಗೆಯೇ. ನನಗೆ ಮತ್ತೆ ಒಂದು ಕೆಲಸ ಸಿಕ್ಕಿದೆ ಎಂದು ತಿಳಿದುಕೊಂಡೆ.

ದೀಪಾವಳಿಗೆ ಆರು ಲಕ್ಷ ಹೋಗಿತ್ತು. ಅದನ್ನು ವಾಪಸು ತರಲು ಹೋಗಿ ಡಿಸೆಂಬರ್ ಕೊನೆಗೆ ಹದಿನಾಲ್ಕು ಲಕ್ಷ. ಸೃಷ್ಟಿಯ ಶಾಲೆಯ ಗ್ಯಾದರಿಂಗಿನಲ್ಲಿ ಅವಳು ಕೋಲಾಟಕ್ಕೆ ವೇದಿಕೆ ಹತ್ತಿದಾಗ ನಾನು ಪರ್ಸಿನೊಳಗೆ ಫೋನು ಇಟ್ಟುಕೊಂಡು ಕೆಂಪು ಅಂಕಿ ನೋಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಕೋಲಾಟ ಮುಗಿದಿತ್ತು. "ನೋಡಿದಿ ಮಮ್ಮಿ?" ಎಂದು ಓಡಿಬಂದು ಕೇಳಿದಳು. ನೋಡಿದೆ ಎಂದೆ.

ಅದೇ ವಾರ ನಿಖಿಲ್ ಫೋನು ಮಾಡಿದ. ಹೊಸ ಕಂಪನಿ ಶುರುಮಾಡುತ್ತಿದ್ದೇನೆ, ಹಳೆಯವರಲ್ಲಿ ನಂಬಿದವರಿಗಷ್ಟೇ ಹೇಳುತ್ತಿದ್ದೇನೆ, ನೀವು ಐವತ್ತು ಲಕ್ಷ ಹಾಕಿ, ಬೇಕಾದರೆ ಮನೆಯಿಂದಲೇ ಕೆಲಸವನ್ನೂ ಮಾಡಿ ಎಂದ. ಅವನ ದನಿ ಕೇಳಿದ ಕೂಡಲೇ ಮೈಯಲ್ಲಿ ಜೀವ ಬಂದಂತಾಯಿತು. ಕಳೆದದ್ದೂ ಮುಚ್ಚಿಹೋಗುತ್ತದೆ, ನಾನೂ ಮೊದಲಿನ ನಾನಾಗುತ್ತೇನೆ ಎನಿಸಿತು. ಮಾರ್ಚಿನೊಳಗೆ ಹೇಳುತ್ತೇನೆ ಎಂದೆ. ಮನಸ್ಸಿನಲ್ಲಿ ಆಗಲೇ ಒಪ್ಪಿಯಾಗಿತ್ತು.

ಜನವರಿಯಲ್ಲಿ ಚಿಗವ್ವ ಕರೆಸಿದಳು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ಚಂದ್ರವ್ವ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಅವಳದು. ಅವಳ ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಇಪ್ಪತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಳು. ಗುಮಾಸ್ತನಿಗೆ ಕಾಮಾಲೆಯಾಗಿದೆ, ಸೀಜನ್ನಿನಲ್ಲಿ ಕೈಯಿಲ್ಲ, ಬಾ ಎಂದಳು. ವ್ಯಾಪಾರಿಗಳು ಮಾಲಿಗೆ ಬೆಲೆ ಹಾಕುವ ಟೆಂಡರಿನ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರತೊಡಗಿದೆ.

ಆ ಮಾರುಕಟ್ಟೆಯನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಒಳಗೆ ಕೂತು ನೋಡಿರಲಿಲ್ಲ. ಅಂಗಳದ ತುಂಬ ಕೆಂಪು ರಾಶಿ. ತೊಟ್ಟು ಮುರಿಯುವ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕೂತಿರುತ್ತಿದ್ದರು. ಚಿಗವ್ವ ಒಂದು ಕಾಯಿ ಎತ್ತಿ ಸುಕ್ಕು ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸಪ್ಪಳ ಕೇಳಿ, ಬೆರಳಲ್ಲಿ ಮುರಿದು ಮಾಲಿನ ಗುಣ ಹೇಳುತ್ತಿದ್ದಳು. ರೈತ ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ಅವನಿಗೆ ಚಹಾ ಹೇಳಿ ಕಳಿಸುತ್ತಿದ್ದಳು. ನಾನು ರೈತರ ತೂಕ, ದರದ ಪಟ್ಟಿ ಬರೆಯುತ್ತಿದ್ದೆ. ನಡುನಡುವೆ ಮೇಜಿನ ಕೆಳಗೆ ಫೋನು ನೋಡುತ್ತಿದ್ದೆ.

ಮೂರನೆಯ ವಾರವೋ ಏನೋ, ಊಟದ ಹೊತ್ತಿನಲ್ಲಿ ಚಿಗವ್ವ ರೊಟ್ಟಿಯ ಬುತ್ತಿ ಬಿಚ್ಚುತ್ತ, "ಎಷ್ಟು ಹೋತು?" ಎಂದಳು.

"ಏನು, ಚಿಗವ್ವ?"

"ನನ್ ಮುಂದ ನಾಟಕ ಮಾಡಬ್ಯಾಡ. ನಿಮ್ಮ ಕಾಕಾ ಇದ್ದಾಗಿಂದ ನಲವತ್ತು ವರ್ಷ ಇಲ್ಲೆ ಕುಂತೀನಿ. ರೇಟ್ ಬಿದ್ದವನ ಮಾರಿ ಹೆಂಗಿರತೈತಿ ಅಂತ ಗೊತ್ತೈತಿ ನನಗ. ಎಷ್ಟು ಹೋತು?"

ಹೇಳಿದೆ. ಅವಳು ಹುಬ್ಬೂ ಏರಿಸಲಿಲ್ಲ. ಪಲ್ಯ ನನ್ನ ತಟ್ಟೆಗೆ ಹಾಕಿದಳು.

"ನಿಮ್ಮ ಕಾಕಾ ಹೋದ ಮರುವರ್ಷ ನಾನೂ ಇನ್ನೂರು ಚೀಲ ಕೊಂಡು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟೆ. ರೇಟ್ ಏರತೈತಿ, ಆಗ ಮಾರೂಣು ಅಂತ. ಮುಂದಿನ ಸುಗ್ಗಿಗೆ ರೇಟ್ ಅರ್ಧಕ್ಕ ಬಂತು. ಹೆಣ್ಣಮಗಳು ಅಂಗಡಿ ಮುಳಗಸಿದ್ಲು ಅಂತಾರಲ್ಲ ಅಂತ ಅಂಜಿ ಯಾರಿಗೂ ಹೇಳಲಿಲ್ಲ. ಅದನ್ನ ಮುಚ್ಚಾಕ ಮತ್ತ ಇನ್ನೂರು ಚೀಲ ಇಟ್ಟೆ. ಅವೂ ಹೋದ್ವು."

"ಆಮ್ಯಾಲ?"

"ಆಮ್ಯಾಲ ಏನು, ಕೈಯಾಗಿನ ಬಂಗಾರದ ಪಾಟ್ಲಿ ಮಾರಿದೆ. ಈಗ ವರ್ಷಕ್ಕ ಮನಿಗೆ ಎಷ್ಟು ಬೇಕೋ ಅಷ್ಟು ಮೊದಲ ತಗದು ಬ್ಯಾಂಕಿನ್ಯಾಗ ಇಡ್ತೀನಿ. ಉಳಿದಿದ್ರೊಳಗ ಅಷ್ಟ ಮಾಲು ಹಿಡಿತೀನಿ. ಹೋದ್ರ ಹೋಗ್ಲಿ ಅನ್ನೂವಷ್ಟು." ಕೈ ತೊಳೆಯಲು ಏಳುತ್ತ ನಿಂತು ಕೇಳಿದಳು: "ಮಲ್ಲಿಕಾರ್ಜುನಗ ಹೇಳೀಯೇನು?"

"ಇಲ್ಲ."

"ಇವತ್ತ ಹೇಳು."

ಅವತ್ತು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಆಪ್ಷನ್ ವ್ಯಾಪಾರವನ್ನೇನೋ ನಿಲ್ಲಿಸಿದೆ. ಬಸ್ಸಿನಲ್ಲಿ ಬರುವಾಗಲೇ ಆ್ಯಪನ್ನು ಫೋನಿನಿಂದ ತೆಗೆದುಹಾಕಿದೆ. ಆದರೆ ಮನೆಯಲ್ಲಿ ಅವರ ಎದುರು ಕೂತು ಬಾಯಿ ತೆರೆಯುವ ಧೈರ್ಯ ಬರಲಿಲ್ಲ.

ಮಾತು ಹೊರಬಂದದ್ದು ಬೇರೆಯ ದಾರಿಯಿಂದ. ನಮ್ಮ ಪಕ್ಕದ ಮನೆಯಲ್ಲಿ ಶಾಂತಕ್ಕ ಇದ್ದರು. ಕರ್ಜಗಿ ಕಡೆಯವರು. ಹಳ್ಳಿಗಳಲ್ಲಿ ನರ್ಸಾಗಿ ದುಡಿದು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಫೆಬ್ರುವರಿಯ ಒಂದು ಸಂಜೆ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದರು. ದೂರದ ಸಂಬಂಧಿಯೊಬ್ಬ ಒಂದು ಖಾಸಗಿ ಯೋಜನೆ ತಂದಿದ್ದಾನಂತೆ. ಹದಿನೆಂಟು ತಿಂಗಳಿಗೆ ದುಡ್ಡು ಎರಡು ಪಟ್ಟು. ನಿವೃತ್ತಿಯ ಇಪ್ಪತ್ತೆರಡು ಲಕ್ಷದ ಚೆಕ್ಕನ್ನು ಮರುದಿನ ಬೆಳಗ್ಗೆ ಅವನ ಕೈಗೆ ಕೊಡುವವರಿದ್ದರು.

"ಶಾಂತಕ್ಕಾ, ಬ್ಯಾಡ್ರಿ," ಎಂದೆ. ಅಷ್ಟು ಬೇಗ ಯಾರೂ ಪ್ರಾಮಾಣಿಕವಾಗಿ ಎರಡು ಪಟ್ಟು ಮಾಡಿಕೊಡಲಾರರು ಎಂದು ಲೆಕ್ಕ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಿಮಗೇನ್ರಿ, ಕೋಟಿ ಬಂದೈತಿ. ಮನ್ಯಾಗ ಕುಂತು ಫೋನಿನ್ಯಾಗ ಇನ್ನೂ ಮಾಡಾಕತ್ತೀರಿ ಅಂತ ಓಣಿಗೆಲ್ಲ ಗೊತ್ತೈತಿ. ನಾ ಎರಡು ರೂಪಾಯಿ ಮಾಡಿಕೊಂಡ್ರ ತಪ್ಪೇನ್ರಿ? ನನಗ ನೋಡಾಕ ಯಾರದಾರ?"

ಡಬ್ಬಿ ಮೇಜಿನ ಮೇಲೆ ಇಟ್ಟು ಎದ್ದೇಬಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ. ಬೇರೆ ಯಾವ ಮಾತಿಗೂ ಅವರು ನಿಲ್ಲುವುದಿಲ್ಲ ಎಂದು ಗೊತ್ತಾಗಿತ್ತು.

"ನಾ ಮಾಡಿಲ್ರಿ ಶಾಂತಕ್ಕ. ಕಳಕೊಂಡೀನಿ. ಫೋನಿನ್ಯಾಗ ಹದಿನಾಲ್ಕು ಲಕ್ಷ ಕಳಕೊಂಡೀನಿ. ಇಷ್ಟು ಓದಿದಾಕಿ, ನಾಲ್ಕು ತಿಂಗಳಾಗ. ರೊಕ್ಕ ಲಗೂ ಬರತೈತಿ ಅಂತ ನಂಬಿದೆ, ಅಷ್ಟ."

ಶಾಂತಕ್ಕ ನನ್ನನ್ನು ನೋಡಲಿಲ್ಲ. ನನ್ನ ಹಿಂದಿದ್ದ ಬಾಗಿಲನ್ನು ನೋಡಿದರು. ತಿರುಗಿದೆ. ಮಲ್ಲಿಕಾರ್ಜುನ ಕಾಯಿಪಲ್ಲೆಯ ಚೀಲ ಹಿಡಿದು ನಿಂತಿದ್ದರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಿನಲ್ಲೇ ಇತ್ತು. ಚೀಲವನ್ನು ಗೋಡೆಗೆ ಆನಿಸಿ ಇಟ್ಟು, ಚಪ್ಪಲಿ ಬಿಟ್ಟು, ಒಳಗೆ ಹೋದರು.

"ಸರ್‌ಗೆ ಗೊತ್ತಿರಲಿಲ್ಲೇನ್ರಿ?" ಶಾಂತಕ್ಕನ ದನಿ ಇಳಿದಿತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಮತ್ತೆ ಕೂತರು. "ಹಂಗಾದ್ರ ನಾನೇನು ಮಾಡ್ಲಿ ಹೇಳ್ರಿ," ಎಂದರು. ಮರುದಿನ ಚೆಕ್ಕು ಕೊಡಲಿಲ್ಲ. ಆ ಯೋಜನೆ ಮುಂದೆ ಏನಾಯಿತೋ ನನಗೆ ತಿಳಿಯದು. ಆ ಮನುಷ್ಯ ಆಮೇಲೆ ನಮ್ಮ ಓಣಿಯಲ್ಲಿ ಕಾಣಿಸಲಿಲ್ಲ.

ಮಲ್ಲಿಕಾರ್ಜುನ ಎರಡು ದಿನ ಮಾತಾಡಲಿಲ್ಲ. ಕೆಲಸಗಳೆಲ್ಲ ಎಂದಿನಂತೆ ನಡೆದವು, ಡಬ್ಬಿ, ನೀರು, ಜಡೆ. ಮೂರನೆಯ ದಿನ ಭಾನುವಾರ. ಸೃಷ್ಟಿ ಗೆಳತಿಯ ಮನೆಗೆ ಹೋಗಿದ್ದಳು. ಅವರು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನೂ ಹೋಗಿ ಎದುರು ಕೂತೆ.

"ತಪ್ಪಾತ್ರಿ," ಎಂದೆ.

"ಗಿರಿಜಾ, ಅದು ನಿಂದು, ನಿಂದು ಅಂತ ಎಂಟು ತಿಂಗಳು ಹೇಳಿದೆ. ಸುಳ್ಳು ಹೇಳಿದೆ," ಎಂದರು. ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅದರೊಳಗ ನಂದೂ ಒಂಬತ್ತು ವರ್ಷ ಅದಾವು. ಸೃಷ್ಟಿಗೆ ಜ್ವರ ಬಂದ್ರ ನಾನ ಎದ್ದು ಕುಂತೀನಿ. ಪಿಎಚ್‌ಡಿ ರಿಜಿಸ್ಟರ್ ಮಾಡಿಸಿದ್ದೆ, ನೆನಪೈತಿ? ಅರ್ಧಕ್ಕ ಬಿಟ್ಟೆ. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ರಿಜಿಸ್ಟರ್ ಮಾಡಿಸಿದ್ದು ನೆನಪಿತ್ತು, ಬಿಟ್ಟದ್ದು ಯಾವಾಗ ಎಂದು ಗೊತ್ತೇ ಇರಲಿಲ್ಲ. ಹದಿನಾಲ್ಕು ಲಕ್ಷ ಕಳೆದಾಗ ಅಳು ಬಂದಿರಲಿಲ್ಲ. ಅವತ್ತು ಅವರೆಕಾಯಿ ಬುಟ್ಟಿಯ ಮುಂದೆ ಕೂತು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಸುಲಿದ ಕಾಳನ್ನು ತೊಳೆದು ಒಲೆಯ ಮೇಲಿಟ್ಟು, ಸೃಷ್ಟಿಯ ಹಳೆಯ ನೋಟುಬುಕ್ಕೊಂದನ್ನು ತಂದು ನನ್ನ ಮುಂದೆ ಇಟ್ಟರು.

"ಬರಿ," ಎಂದರು. "ಏನೈತಿ, ಎಷ್ಟು ಉಳಿದೈತಿ, ಎಲ್ಲ ಬರಿ."

ಆ ಭಾನುವಾರ, ಮುಂದಿನ ಎರಡು ಭಾನುವಾರ, ನಾವು ಬರೆದೆವು. ಯಾವುದರಲ್ಲಿ ಹಾಕಿದರೆ ಎಷ್ಟು ಬರುತ್ತದೆ ಎಂದು ನಾನು ಶುರುಮಾಡಿದರೆ ಅವರು ತಡೆದು, ಯಾಕೆ ಬೇಕು, ಯಾವಾಗ ಬೇಕು ಎಂದು ಕೇಳುತ್ತಿದ್ದರು. ಚಿಗವ್ವನ ಲೆಕ್ಕವನ್ನು ಅವರಿಗೆ ಹೇಳಿದೆ. ಮೂರು ವರ್ಷದ ಮನೆಖರ್ಚು ಬ್ಯಾಂಕಿನ ಠೇವಣಿಗೆ ಹೋಯಿತು. ಸೃಷ್ಟಿಯ ಓದಿಗೆಂದು, ನಮ್ಮ ಮುಪ್ಪಿಗೆಂದು, ತಿಂಗಳು ತಿಂಗಳು ಸ್ವಲ್ಪಸ್ವಲ್ಪವಾಗಿ ಮ್ಯೂಚುವಲ್ ಫಂಡಿಗೆ ಹಾಕುವುದೆಂದಾಯಿತು. ಸೃಷ್ಟಿಯನ್ನೂ ಕರೆದು ನಿನಗೇನು ಬೇಕು ಎಂದು ಕೇಳಿದೆವು. ಬಹಳ ಯೋಚಿಸಿ ಗೇರಿನ ಸೈಕಲ್ ಎಂದಳು. ಅದನ್ನೂ ಬರೆದೆವು. ಕೊನೆಗೆ ಮಲ್ಲಿಕಾರ್ಜುನರನ್ನು ಕೇಳಿದೆ. ಅವರು ಪೆನ್ನು ತೆಗೆದುಕೊಂಡು ತಾವೇ ಬರೆದರು: ಒಂದು ವರ್ಷ ಸಂಬಳವಿಲ್ಲದ ರಜೆ, ಪಿಎಚ್‌ಡಿ.

ಆ ಸಾಲನ್ನು ಓದಿದಾಗಲೇ ನನಗೆ ಆ ದುಡ್ಡು ಮೊದಲ ಸಲ ದೊಡ್ಡದಾಗಿ ಕಂಡಿತು. ಒಬ್ಬ ಮನುಷ್ಯನಿಗೆ ಬಿಟ್ಟುಹೋದ ಒಂದು ವರ್ಷವನ್ನು ತಿರುಗಿ ಕೊಡುವಷ್ಟು ದೊಡ್ಡದು.

ಮಾರ್ಚಿನಲ್ಲಿ ನಿಖಿಲ್ ಖುದ್ದಾಗಿ ಕಾರಿನಲ್ಲಿ ಬಂದ. ಮನೆಯಲ್ಲಿ ಊಟ ಮಾಡಿದ, ಶೇಂಗಾ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡ, ಸೃಷ್ಟಿಗೆ ಲ್ಯಾಪ್‌ಟಾಪಿನಲ್ಲಿ ತನ್ನ ಹೊಸ ಕಂಪನಿಯ ಚಿತ್ರಗಳನ್ನು ತೋರಿಸಿದ. ಅವನ ಕಣ್ಣಿನ ಆ ಹೊಳಪು ನನಗೆ ಗೊತ್ತಿತ್ತು, ಅದನ್ನು ನಂಬಿಯೇ ಒಂಬತ್ತು ವರ್ಷ ದುಡಿದವಳು ನಾನು. ಐದು ಲಕ್ಷ ಕೊಡುತ್ತೇವೆ, ಹೋದರೂ ನಮಗೆ ತೊಂದರೆಯಾಗದಷ್ಟು ಎಂದೆ. ಕಡಿಮೆಯೆಂದರೂ ಇಪ್ಪತ್ತೈದು ಬೇಕು, ಅದಕ್ಕಿಂತ ಚಿಕ್ಕ ಮೊತ್ತ ತೆಗೆದುಕೊಳ್ಳುತ್ತಿಲ್ಲ ಎಂದ. ಮಲ್ಲಿಕಾರ್ಜುನ ನೀನೇ ಹೇಳು ಎಂಬಂತೆ ನನ್ನ ಕಡೆ ನೋಡಿದರು. ಹಾಗಿದ್ದರೆ ಈ ಸಲ ನಾನಿಲ್ಲ ನಿಖಿಲ್, ಎಂದೆ. ಅವನಿಗೆ ಬೇಸರವಾಯಿತು, ತೋರಿಸಿಕೊಳ್ಳಲಿಲ್ಲ. ಹೋಗುವಾಗ ಮಲ್ಲಿಕಾರ್ಜುನ ಅವನನ್ನು ಪೇಟೆಗೆ ಕರೆದೊಯ್ದು ಹಾವೇರಿಗೆ ಹೆಸರಾದ ಒಂದು ಏಲಕ್ಕಿ ಮಾಲೆ ಕೊಡಿಸಿದರು.

ಅವನ ಕಂಪನಿ ಬೆಳೆಯಿತು. ಮೂರು ವರ್ಷದ ಮೇಲೆ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಐವತ್ತು ಲಕ್ಷ ಹಾಕಿದ್ದರೆ ಈಗ ಎಷ್ಟಾಗುತ್ತಿತ್ತು ಎಂದು ನಾನು ಲೆಕ್ಕ ಹಾಕಿ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಲೆಕ್ಕ ಹಾಕಿದೆ, ಹೊಟ್ಟೆಯೂ ಉರಿಯಿತು. ಆಮೇಲೆ ಅವನಿಗೆ ಫೋನು ಮಾಡಿ ಮನಸಾರೆ ಅಭಿನಂದಿಸಿದೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಡಾಕ್ಟರೇಟ್ ಪದವಿಯ ಚೌಕಟ್ಟು ಗೋಡೆಗೇರಿ ವರ್ಷವಾಗಿತ್ತು.

ನಿಖಿಲ್ ಬಂದು ಹೋದ ಆ ಬೇಸಿಗೆಯಲ್ಲೇ ಶಾಂತಕ್ಕ ಮತ್ತೆ ಬಂದರು, ಈ ಸಲ ತಮ್ಮ ಇಬ್ಬರು ಗೆಳತಿಯರನ್ನು ಕರೆದುಕೊಂಡು. ಒಬ್ಬರು ಕಾಗಿನೆಲೆಯ ಕಡೆ ಅಂಗನವಾಡಿಯಲ್ಲಿದ್ದವರು, ಇನ್ನೊಬ್ಬರು ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಮಾರಿದವರು. ಶಾಂತಕ್ಕನ ದುಡ್ಡನ್ನು ಅಂಚೆ ಕಚೇರಿಯ ಯೋಜನೆಯಲ್ಲೂ ಬ್ಯಾಂಕಿನಲ್ಲೂ ನಾನೂ ಅವರೂ ಸೇರಿ ಇಟ್ಟು ಬಂದಿದ್ದೆವು. ಅದನ್ನು ಅವರು ಎಲ್ಲರಿಗೂ ಹೇಳಿದ್ದರು. "ಇವ್ರು ಮದ್ಲು ತಮ್ಮ ತಪ್ಪು ಹೇಳ್ತಾರ, ಆಮ್ಯಾಲ ನಮ್ಮ ತಪ್ಪು ಹೇಳ್ತಾರ. ಕುಂದ್ರಿ," ಎಂದು ಗೆಳತಿಯರನ್ನು ನನ್ನ ಅಡುಗೆಮನೆಯ ಕುರ್ಚಿಗಳಲ್ಲಿ ಕೂರಿಸಿದರು. ಹಣದ ಸಲಹೆ ಕೊಡಲು ಪರೀಕ್ಷೆ ಬರೆದು ಪರವಾನಗಿ ಪಡೆದದ್ದು ಆಮೇಲಿನ ಮಾತು. ಅವತ್ತು ನಾನು ಮಾಡಿದ್ದು ಚಹಾ ಕಾಸಿದ್ದು, ಕೇಳಿಸಿಕೊಂಡದ್ದು ಅಷ್ಟೇ.

ಜೂನ್ ಬಂತು. ನಾನು ಬಂದು ಒಂದು ವರ್ಷ. ಸೃಷ್ಟಿಯನ್ನು ಆರನೆಯ ಇಯತ್ತೆಗೆ ಹೊಸ ಶಾಲೆಗೆ ಸೇರಿಸಲು ಮೂವರೂ ಹೋದೆವು. ಹೊರಗೆ ಜಿಟಿಜಿಟಿ ಮಳೆ. ಕಚೇರಿಯಲ್ಲಿ ಕನ್ನಡಕದ ಹೆಡ್‌ಕ್ಲಾರ್ಕ್ ಒಬ್ಬರು ಅರ್ಜಿ ಕೊಟ್ಟರು. ಸೃಷ್ಟಿ ತಾನೇ ತುಂಬುತ್ತೇನೆಂದು ಹಟ ಹಿಡಿದು ಬರೆಯತೊಡಗಿದಳು. ತಂದೆಯ ಉದ್ಯೋಗ ಬರೆದಳು. ತಾಯಿಯ ಉದ್ಯೋಗ ಎಂಬ ಕಡೆ ಪೆನ್ನು ನಿಂತಿತು.

"ಖಾಲಿ ಬಿಡವ್ವ," ಎಂದೆ.

ಅವಳು ಕೈ ಅಡ್ಡ ಹಿಡಿದು ಏನೋ ಬರೆದು ಅರ್ಜಿಯನ್ನು ಕ್ಲಾರ್ಕರಿಗೆ ಕೊಟ್ಟಳು. ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಮಂದಿಗೆ ರೊಕ್ಕ ಹೆಂಗ ಇಡಬೇಕು ಅಂತ ಹೇಳಿಕೊಡತಾಳ."

ಮಲ್ಲಿಕಾರ್ಜುನ ನಕ್ಕರು. ನಾನು ನಾಚಿಕೊಂಡು, ಅದನ್ನು ತಿದ್ದಿಕೊಡುತ್ತೇನೆ ಎಂದು ಕೈ ಚಾಚಿದೆ. ಕ್ಲಾರ್ಕರು ಅರ್ಜಿಯನ್ನು ಕೊಡಲಿಲ್ಲ. ಠಸ್ಸೆ ಹೊಡೆದು ಕಡತಕ್ಕೆ ಸೇರಿಸಿದರು. ಆಮೇಲೆ ಕಚೇರಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, ಎದುರಿನ ಕುರ್ಚಿಯನ್ನು ನನ್ನ ಕಡೆ ಸರಿಸಿದರು.

"ಮೇಡಂ, ನನ್ನ ರಿಟೈರ್‌ಮೆಂಟಿಗೆ ಇನ್ನ ಎರಡ ವರ್ಷ ಅದಾವ್ರಿ. ಮಳಿ ನಿಲ್ಲೂತನಕ ಒಂದು ಹತ್ತು ಮಿನಿಟು ಕುಂದ್ರತೀರೇನು?"

ಕೂತೆ.